ಫ್ಲೈಟ್ ಟಿಕೆಟ್ ಕಂತಿನಲ್ಲಿ ಕೊಳ್ತೀರಾ? ಕ್ಯಾನ್ಸಲ್ ಆದರೆ ಏನು ಅಂತ ಮೊದಲೇ ಲೆಕ್ಕ ಹಾಕಿ

ಅಪ್ಪ-ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಬೇಕು ಅಂತ ಬಹಳ ವರ್ಷದಿಂದ ಮನಸ್ಸಿನಲ್ಲಿತ್ತು. ರೈಲಿನಲ್ಲಿ ಅಷ್ಟು ದೂರ ಕೂರುವುದು ಅಪ್ಪನ ಮಂಡಿಗೆ ಆಗುವ ಮಾತಲ್ಲ. ಹಾಗಾಗಿ ಬೆಂಗಳೂರಿನಿಂದ ವಾರಾಣಸಿಗೆ ಫ್ಲೈಟ್ ನೋಡಿದೆ. ಐದು ಜನ, ಹೋಗಿ ಬರಲು ಒಟ್ಟು 60,000 ರೂಪಾಯಿ. ಆ ತಿಂಗಳು ಮಗಳ ಸ್ಕೂಲ್ ಫೀಸ್ ಕಟ್ಟಿ ಕೈ ಖಾಲಿಯಾಗಿತ್ತು. ಪೇಮೆಂಟ್ ಪುಟದಲ್ಲಿ ಇಎಂಐ ಅಂತ ಕಂಡಿತು, ಆರು ತಿಂಗಳು ಅಂತ ಒತ್ತಿದೆ, ಎರಡು ನಿಮಿಷದಲ್ಲಿ ಟಿಕೆಟ್ ಮೇಲ್‌ಗೆ ಬಂತು.

ಹೊರಡುವುದಕ್ಕೆ ಹನ್ನೆರಡು ದಿನ ಇರುವಾಗ ಅಪ್ಪ ಆಸ್ಪತ್ರೆ ಸೇರಿದರು. ಟಿಕೆಟ್ ಕ್ಯಾನ್ಸಲ್ ಮಾಡಿದೆ. ಏರ್‌ಲೈನ್‌ನವರು ತಮ್ಮ ಚಾರ್ಜ್ ಹಿಡಿದುಕೊಂಡು ಉಳಿದದ್ದನ್ನು ಕಾರ್ಡಿಗೆ ವಾಪಸ್ ಹಾಕಿದರು. ಆ ತಿಂಗಳ ಬಿಲ್ ಸೊನ್ನೆ ಬಂತು, ಸದ್ಯ ಮುಗೀತಲ್ಲ ಅಂತ ಸುಮ್ಮನಾದೆ. ಮುಂದಿನ ತಿಂಗಳು ನೋಡಿದರೆ ಮತ್ತೆ 10,442 ರೂಪಾಯಿ ಕಂತು ಬಂದಿದೆ. ಬ್ಯಾಂಕಿಗೆ ಫೋನ್ ಮಾಡಿದರೆ "ಟಿಕೆಟ್ ಕ್ಯಾನ್ಸಲ್ ಆಗಿದೆ ಸರ್, ಇಎಂಐ ಕ್ಯಾನ್ಸಲ್ ಆಗಿಲ್ಲ" ಅಂದರು.

ಈ ಒಂದು ವಾಕ್ಯ ಅರ್ಥ ಆಗೋಕೆ ನನಗೆ ಮೂರು ತಿಂಗಳು ಬೇಕಾಯಿತು. ಟಿಕೆಟ್ ಅನ್ನುವುದು ನಿಮಗೂ ಏರ್‌ಲೈನ್‌ಗೂ ನಡುವಿನ ವ್ಯವಹಾರ. ಕಂತು ಅನ್ನುವುದು ನಿಮಗೂ ಬ್ಯಾಂಕಿಗೂ ನಡುವಿನ ಸಾಲ. ಒಂದು ಮುರಿದು ಬಿದ್ದರೆ ಇನ್ನೊಂದು ತಾನಾಗಿ ಮುರಿಯುವುದಿಲ್ಲ. ಟಿವಿ, ಫ್ರಿಜ್ ಕಂತಿನಲ್ಲಿ ತಂದರೆ ವಸ್ತು ಮನೆಯಲ್ಲಿರುತ್ತದೆ. ಟಿಕೆಟ್ ಹಾಗಲ್ಲ. ಜ್ವರ ಬಂದರೆ, ರಜೆ ಸಿಗದಿದ್ದರೆ, ವೀಸಾ ತಡವಾದರೆ ಅದು ಬರೀ ಕಾಗದ. ಅದಕ್ಕೇ ಟಿಕೆಟ್ ಸಾಲಕ್ಕೆ ಬೇರೆಯದೇ ಎಚ್ಚರ ಬೇಕು. ಹೇಗೆ ಮಾಡಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಟಿಕೆಟ್ ನೋಡಿ, ಕಂತು ಆಮೇಲೆ

ಎಲ್ಲರೂ ಮಾಡುವುದು ಉಲ್ಟಾ. ತಿಂಗಳಿಗೆ ಎಷ್ಟು ಬೀಳುತ್ತದೆ ಅಂತ ನೋಡಿ ಒತ್ತಿಬಿಡುತ್ತಾರೆ. ಆದರೆ ಒಂದೇ ವಿಮಾನದ ಒಂದೇ ಸೀಟಿಗೆ ಎರಡು ಮೂರು ರೀತಿಯ ದರ ಇರುತ್ತದೆ. ಕಡಿಮೆ ದರದ್ದಕ್ಕೆ ಕ್ಯಾನ್ಸಲೇಷನ್ ಚಾರ್ಜ್ ಜಾಸ್ತಿ, ಸ್ವಲ್ಪ ಜಾಸ್ತಿ ದರದ್ದಕ್ಕೆ ಚಾರ್ಜ್ ಕಡಿಮೆ, ದಿನಾಂಕ ಬದಲಿಸಲೂ ಸುಲಭ. ಕೈಯಲ್ಲಿ ದುಡ್ಡಿಟ್ಟುಕೊಂಡು ಕೊಳ್ಳುವವರು ಕಡಿಮೆ ದರದ್ದು ತೆಗೆದುಕೊಂಡು ರಿಸ್ಕ್ ತೆಗೆದುಕೊಳ್ಳಬಹುದು. ಸಾಲ ಮಾಡಿ ಕೊಳ್ಳುವವರು, ಅದರಲ್ಲೂ ಜೊತೆಗೆ ವಯಸ್ಸಾದವರೋ ಪುಟ್ಟ ಮಕ್ಕಳೋ ಇದ್ದರೆ, ಕ್ಯಾನ್ಸಲ್ ಮಾಡಿದರೆ ಹೆಚ್ಚು ವಾಪಸ್ ಬರುವ ದರವನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ದರದ ಪಕ್ಕದಲ್ಲೇ "ಫೇರ್ ರೂಲ್ಸ್" ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ತೆರೆದು ಒಬ್ಬರಿಗೆ, ಒಂದು ಕಡೆಗೆ ಎಷ್ಟು ಕಡಿತ ಅಂತ ನೋಡಿ. ಹೋಗಿ ಬರುವ ಟಿಕೆಟ್ ಆದರೆ ಅದು ಎರಡು ಪಟ್ಟು, ಐದು ಜನ ಅಂದರೆ ಹತ್ತು ಪಟ್ಟು. ನನಗೆ ಪೆಟ್ಟು ಬಿದ್ದಿದ್ದು ಇಲ್ಲೇ.

ಎರಡನೇ ಲೆಕ್ಕ ದಿನಾಂಕದ್ದು. ಪ್ರಯಾಣ ಮೂರು ತಿಂಗಳು ಆಚೆ ಇದ್ದರೆ ಮೂರು ತಿಂಗಳ ಕಂತು ಹಾಕಿಕೊಳ್ಳಿ, ಹೊರಡುವ ಹೊತ್ತಿಗೆ ಸಾಲ ಮುಗಿದಿರುತ್ತದೆ. ಹೋಗಿ ಬಂದು ವರ್ಷದ ತನಕ ಕಂತು ಕಟ್ಟುವಂತಾದರೆ ಅಷ್ಟರಲ್ಲಿ ಮುಂದಿನ ಊರಿನ ಖರ್ಚು ಬಂದಿರುತ್ತದೆ.

ಇನ್ನೊಂದು ಮಾತು. ಕಂತು ಬೇಕೇ ಬೇಕಾ ಅಂತಲೂ ನೋಡಿ. ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಬಂದ ಮರುದಿನ ಟಿಕೆಟ್ ಕೊಂಡರೆ, ದುಡ್ಡು ಕಟ್ಟಲು ಸುಮಾರು 45ರಿಂದ 50 ದಿನ ಬಡ್ಡಿ ಇಲ್ಲದೆ ಸಿಗುತ್ತದೆ. ಅಷ್ಟರಲ್ಲಿ ಎರಡು ಸಂಬಳ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅಷ್ಟು ಅಂತರವೇ ಸಾಕಾಗುತ್ತದೆ.

ಯಾವ ಕಂತು ಅಂತ ತಿಳಿದುಕೊಳ್ಳಿ

ಪೇಮೆಂಟ್ ಪುಟದಲ್ಲಿ ಇಎಂಐ ಅಂತ ಒಂದೇ ಹೆಸರು ಇದ್ದರೂ ಒಳಗೆ ಮೂರು ಬೇರೆ ಬೇರೆ ವಸ್ತುಗಳಿವೆ.

ಕ್ರೆಡಿಟ್ ಕಾರ್ಡ್ ಕಂತು ಎಲ್ಲರಿಗೂ ಗೊತ್ತಿರುವುದು. ಇದರಲ್ಲಿ ಪೂರ್ತಿ 60,000 ನಿಮ್ಮ ಲಿಮಿಟ್‌ನಿಂದ ಹಿಡಿದಿಡುತ್ತಾರೆ, ಕಂತು ಕಟ್ಟಿದ ಹಾಗೆ ಸ್ವಲ್ಪ ಸ್ವಲ್ಪ ಬಿಡುತ್ತಾರೆ. ಊರಿಂದ ದೂರ ಹೋದಾಗ ಹೋಟೆಲ್‌ಗೋ ಆಸ್ಪತ್ರೆಗೋ ಕಾರ್ಡ್ ಬೇಕಾಗಬಹುದು ಅನ್ನುವವರು ಇದನ್ನು ನೆನಪಿಡಬೇಕು. ಕಂತಿನ ಖರೀದಿಗೆ ರಿವಾರ್ಡ್ ಪಾಯಿಂಟ್ ಕೂಡ ಬಹಳಷ್ಟು ಕಾರ್ಡ್‌ಗಳಲ್ಲಿ ಸಿಗುವುದಿಲ್ಲ.

ಡೆಬಿಟ್ ಕಾರ್ಡ್ ಕಂತು ಅಂದರೆ ಬ್ಯಾಂಕ್ ಮೊದಲೇ ನಿಮಗೆ ಇಂತಿಷ್ಟು ಅಂತ ಒಪ್ಪಿಟ್ಟಿರುವ ಸಾಲ. ಖಾತೆಯಲ್ಲಿ ಆಗ ದುಡ್ಡು ಇರಬೇಕಿಲ್ಲ. ಆದರೆ ಪ್ರತಿ ತಿಂಗಳು ಆ ದಿನಕ್ಕೆ ಇರಲೇಬೇಕು, ಇಲ್ಲದಿದ್ದರೆ ಬೌನ್ಸ್ ಚಾರ್ಜ್ ಬೀಳುತ್ತದೆ. ಸಂಬಳ ಐದನೇ ತಾರೀಕು ಬರುವವರಿಗೆ ಕಂತು ಎರಡನೇ ತಾರೀಕು ಬಿದ್ದರೆ ಪ್ರತಿ ತಿಂಗಳೂ ಪರದಾಟ.

ಮೂರನೆಯದು ಕಾರ್ಡ್ ಇಲ್ಲದ ಕಂತು, ಪೇ ಲೇಟರ್ ಅಂತ ಬರುವುದು. ಪ್ಯಾನ್ ನಂಬರ್, ಒಂದು ಒಟಿಪಿ, ಅಷ್ಟೇ. ಸಾಲ ಕೊಡುವುದು ಆ ಆ್ಯಪ್ ಅಲ್ಲ, ಹಿಂದೆ ಇರುವ ಒಂದು ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ. ಇದು ನಿಮ್ಮ ಕ್ರೆಡಿಟ್ ರಿಪೋರ್ಟ್‌ನಲ್ಲಿ ಪ್ರತ್ಯೇಕ ಸಾಲವಾಗಿ ದಾಖಲಾಗುತ್ತದೆ. ಮುಂದಿನ ವರ್ಷ ಹೋಮ್ ಲೋನ್‌ಗೆ ಹೋಗುವ ಯೋಚನೆ ಇದ್ದರೆ ಒಂದು ಕಂತೂ ತಪ್ಪಬಾರದು. ಇಂಥ ಡಿಜಿಟಲ್ ಸಾಲಗಳಿಗೆ 2022ರಲ್ಲಿ ಆರ್‌ಬಿಐ ಮಾಡಿದ ನಿಯಮಗಳಲ್ಲಿ ಎರಡು ನಮಗೆ ತುಂಬ ಉಪಯೋಗದವು. ಒಂದು, ಸಾಲ ಕೊಡುವ ಮೊದಲೇ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಒಂದು ಹಾಳೆ ಕೊಡಬೇಕು, ಅದರಲ್ಲಿ ಎಲ್ಲ ಚಾರ್ಜ್ ಸೇರಿಸಿ ವರ್ಷಕ್ಕೆ ಶೇಕಡ ಎಷ್ಟು ಬೀಳುತ್ತದೆ ಅಂತ ಬರೆದಿರಬೇಕು. ಎರಡು, ಕೂಲಿಂಗ್ ಆಫ್ ಅವಧಿ. ಅಷ್ಟು ದಿನದ ಒಳಗೆ ಮನಸ್ಸು ಬದಲಾದರೆ ಅಸಲು ಮತ್ತು ಆ ದಿನಗಳ ವೆಚ್ಚ ಮಾತ್ರ ಕೊಟ್ಟು, ದಂಡ ಇಲ್ಲದೆ ಸಾಲದಿಂದ ಹೊರಗೆ ಬರಬಹುದು. ಎಷ್ಟು ದಿನ ಅಂತ ಅದೇ ಹಾಳೆಯಲ್ಲಿ ಇರುತ್ತದೆ. ಆ ಹಾಳೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.

ಮಕ್ಕಳು ಅಮೆರಿಕದಲ್ಲಿದ್ದು ಅಲ್ಲಿಂದಲೇ ನಿಮಗೆ ಟಿಕೆಟ್ ತೆಗೆಯುತ್ತಾರೆ ಅಂದರೆ ಅಲ್ಲಿಯೂ ಇದೇ ರೀತಿಯ ಕಂತುಗಳಿವೆ. ಅಫರ್ಮ್ ಅಂಥ ಕಂಪನಿಗಳ ಬಡ್ಡಿ ಸೊನ್ನೆಯಿಂದ ಹಿಡಿದು ವರ್ಷಕ್ಕೆ ಶೇ. 36ರ ತನಕ ಹೋಗುತ್ತದೆ, ಯಾರಿಗೆ ಎಷ್ಟು ಅನ್ನುವುದು ಅವರವರ ಕ್ರೆಡಿಟ್ ಮೇಲೆ. "ಕಂತಿನಲ್ಲಿ ತೆಗೆದಿದ್ದೀನಿ ಅಮ್ಮ" ಅಂತ ಮಗ ಹೇಳಿದರೆ ಬಡ್ಡಿ ಎಷ್ಟು ಅಂತ ಒಂದು ಮಾತು ಕೇಳಿ.

ಈಗ ನಿಜವಾದ ಲೆಕ್ಕ

60,000 ರೂಪಾಯಿ, ವರ್ಷಕ್ಕೆ ಶೇ. 15 ಬಡ್ಡಿ, ಕ್ರೆಡಿಟ್ ಕಾರ್ಡ್, ಪ್ರೊಸೆಸಿಂಗ್ ಫೀ 199 ಅಂತ ಇಟ್ಟುಕೊಳ್ಳಿ. ನಿಮ್ಮ ಬ್ಯಾಂಕಿನ ದರ ಬೇರೆ ಇರಬಹುದು, ಲೆಕ್ಕದ ದಾರಿ ಇದೇ.

ಮೂರು ತಿಂಗಳಾದರೆ ಕಂತು 20,502, ಒಟ್ಟು ಬಡ್ಡಿ 1,506. ಆರು ತಿಂಗಳಾದರೆ ಕಂತು 10,442, ಬಡ್ಡಿ 2,652. ಹನ್ನೆರಡು ತಿಂಗಳಾದರೆ ಕಂತು 5,416ರ ಹತ್ತಿರ, ಬಡ್ಡಿ 4,986. ಇಲ್ಲಿಗೆ ನಿಲ್ಲುವುದಿಲ್ಲ. ಕ್ರೆಡಿಟ್ ಕಾರ್ಡ್ ಕಂತಿನ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಇದೆ, ಪ್ರೊಸೆಸಿಂಗ್ ಫೀ ಮೇಲೂ ಇದೆ. ಎಲ್ಲ ಸೇರಿಸಿದರೆ ಮೂರು ತಿಂಗಳಿಗೆ ಸುಮಾರು 2,010, ಆರಕ್ಕೆ 3,365, ಹನ್ನೆರಡಕ್ಕೆ 6,120 ರೂಪಾಯಿ ಜಾಸ್ತಿ ಕೊಟ್ಟಂತೆ. ಕೊನೆಯದು ನನ್ನ ಲೆಕ್ಕದಲ್ಲಿ ಒಬ್ಬರ ಟಿಕೆಟ್‌ನ ಅರ್ಧ ದುಡ್ಡು. ಪೇಮೆಂಟ್ ಪುಟದಲ್ಲಿ ಜಿಎಸ್‌ಟಿಯನ್ನು ಬಹಳ ಸಲ ತೋರಿಸುವುದೇ ಇಲ್ಲ, ಅದು ಆಮೇಲೆ ಬಿಲ್‌ನಲ್ಲಿ ತಿಂಗಳು ತಿಂಗಳು ಸಣ್ಣ ಸಣ್ಣ ಮೊತ್ತವಾಗಿ ಬರುತ್ತದೆ.

"ನೋ ಕಾಸ್ಟ್" ಅಂದರೆ ಸೊನ್ನೆ ಅಲ್ಲ

ಇದನ್ನು ಕಂಡರೆ ಎಲ್ಲರಿಗೂ ಆಸೆ ಆಗುತ್ತದೆ, ಸಹಜ. ಒಳಗೆ ನಡೆಯುವುದು ಇಷ್ಟು: ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ, ಆ ಬಡ್ಡಿಯಷ್ಟು ಮೊತ್ತವನ್ನು ಟಿಕೆಟ್ ಮಾರುವವರು ಮೊದಲೇ ರಿಯಾಯಿತಿ ಅಂತ ಕಳೆಯುತ್ತಾರೆ. ಮೇಲಿನ ಲೆಕ್ಕದಲ್ಲೇ ಹೇಳಿದರೆ 60,000ದ ಟಿಕೆಟ್‌ಗೆ 2,540 ರಿಯಾಯಿತಿ ಕೊಟ್ಟು 57,460ಕ್ಕೆ ಸಾಲ ಮಾಡಿಸುತ್ತಾರೆ, ನೀವು ತಿಂಗಳಿಗೆ ಸರಿಯಾಗಿ 10,000ದಂತೆ ಆರು ತಿಂಗಳು ಕಟ್ಟುತ್ತೀರಿ. ಬಡ್ಡಿ 2,540 ವಾಪಸ್ ಬಂದಂತಾಯಿತು. ಆದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ 457, ಪ್ರೊಸೆಸಿಂಗ್ ಫೀ ಜಿಎಸ್‌ಟಿ ಸೇರಿ 235, ಒಟ್ಟು 692 ರೂಪಾಯಿ ನಿಮ್ಮದೇ.

692ಕ್ಕೆ ಆರು ತಿಂಗಳ ಅವಕಾಶ ಕೆಟ್ಟದ್ದಲ್ಲ, ನಾನೂ ತೆಗೆದುಕೊಳ್ಳುತ್ತೇನೆ. ಒಂದನ್ನು ಮಾತ್ರ ನೋಡಿಕೊಳ್ಳಿ. ಪೂರ್ತಿ ದುಡ್ಡು ಕೊಟ್ಟರೆ ಅದೇ ಟಿಕೆಟ್‌ಗೆ ಬೇರೆ ಕೂಪನ್, ಬ್ಯಾಂಕ್ ಆಫರ್ ಇರಬಹುದು, ನೋ ಕಾಸ್ಟ್ ಒತ್ತಿದ ಕೂಡಲೇ ಅದು ಮಾಯ ಆಗಬಹುದು. 2,000 ಕೂಪನ್ ಬಿಟ್ಟು 692 ಕೊಟ್ಟರೆ ನಿಜವಾದ ಖರ್ಚು 2,692. ಎರಡೂ ರೀತಿ ಪೇಮೆಂಟ್‌ನ ಕೊನೆಯ ಹಂತದ ತನಕ ಹೋಗಿ ಎರಡು ಮೊತ್ತ ಚೀಟಿಯಲ್ಲಿ ಬರೆದುಕೊಳ್ಳಿ.

ಬಡ್ಡಿ ಇರುವ ಕಂತನ್ನು ನೋ ಕಾಸ್ಟ್ ಅಂತ ಮರೆಮಾಚಿ ಮಾರಬಾರದು, ಅಸಲು ಎಷ್ಟು, ಬಡ್ಡಿ ಎಷ್ಟು, ರಿಯಾಯಿತಿ ಎಷ್ಟು ಅಂತ ಮೊದಲೇ ಬಿಡಿಸಿ ತೋರಿಸಬೇಕು, ಬಿಲ್‌ನಲ್ಲೂ ಬೇರೆ ಬೇರೆಯಾಗಿ ಬರೆಯಬೇಕು ಅಂತ ಕ್ರೆಡಿಟ್ ಕಾರ್ಡ್ ಬಗ್ಗೆ ಆರ್‌ಬಿಐ 2022ರಲ್ಲಿ ಕೊಟ್ಟ ನಿರ್ದೇಶನದಲ್ಲಿ ಸ್ಪಷ್ಟವಾಗಿದೆ. ಹಾಗೆ ತೋರಿಸದಿದ್ದರೆ ಅದು ದೂರು ಕೊಡಬಹುದಾದ ವಿಷಯ.

ಒತ್ತುವ ಹೊತ್ತಿನಲ್ಲಿ

ನಾನು ಈಗ ಮಾಡುವ ಕ್ರಮ ಹೇಳುತ್ತೇನೆ. ನೋ ಕಾಸ್ಟ್ ಇಲ್ಲ, ಬಡ್ಡಿ ಕೊಡಲೇಬೇಕು ಅಂತಾದರೆ ಟಿಕೆಟ್ ಕೊಳ್ಳುವಾಗ ಇಎಂಐ ಒತ್ತುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಪೂರ್ತಿ ಮೊತ್ತ ಹಾಕುತ್ತೇನೆ, ಕೂಪನ್ ಇದ್ದರೆ ಅದೂ ಸಿಗುತ್ತದೆ. ಆಮೇಲೆ ಬ್ಯಾಂಕಿನ ಆ್ಯಪ್‌ನಲ್ಲಿ ಆ ಖರೀದಿಯನ್ನು ಕಂತಿಗೆ ಬದಲಿಸುತ್ತೇನೆ. ಹೆಚ್ಚಿನ ಬ್ಯಾಂಕ್‌ಗಳಲ್ಲಿ ಖರೀದಿ ಆಗಿ ಇಂತಿಷ್ಟು ದಿನದ ಒಳಗೆ ಹೀಗೆ ಬದಲಿಸಲು ಬಿಡುತ್ತಾರೆ, ದಿನಗಳ ಮಿತಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಟಿಕೆಟ್ ಕೊಳ್ಳುವ ಮೊದಲೇ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಇದರ ಲಾಭ ಏನೆಂದರೆ, ಮೊದಲ ಕೆಲವು ದಿನಗಳಲ್ಲೇ ಟಿಕೆಟ್ ಕ್ಯಾನ್ಸಲ್ ಮಾಡಬೇಕಾಗಿ ಬಂದರೆ ಮುಚ್ಚಲು ಸಾಲವೇ ಇರುವುದಿಲ್ಲ. ರಜೆ ಸಿಕ್ಕಿತಾ, ವೀಸಾ ಬಂತಾ, ಅತ್ತೆ-ಮಾವ ಬರುತ್ತಾರಾ ಅಂತ ಗಟ್ಟಿಯಾದ ಮೇಲೆ ಕಂತು.

ವಿದೇಶಿ ಏರ್‌ಲೈನ್ ಸೈಟ್‌ನಲ್ಲಿ ಡಾಲರ್‌ನಲ್ಲೋ ದಿರ್ಹಮ್‌ನಲ್ಲೋ ಬಿಲ್ ಆದರೆ ಈ ದಾರಿ ಕೈಕೊಡಬಹುದು. ಅಂಥ ಖರೀದಿಯನ್ನು ಕಂತಿಗೆ ಬದಲಿಸಲು ಎಷ್ಟೋ ಕಾರ್ಡ್‌ಗಳು ಬಿಡುವುದಿಲ್ಲ, ಮೇಲೆ ಕರೆನ್ಸಿ ಬದಲಿಸಿದ ಚಾರ್ಜ್ ಬೇರೆ. ಮಂಗಳೂರಿನಿಂದ ದುಬೈಗೋ ಬೆಂಗಳೂರಿನಿಂದ ದೋಹಾಗೋ ಟಿಕೆಟ್ ಮಾಡುವಾಗ ಸೈಟ್‌ನಲ್ಲಿ ದೇಶ ಭಾರತ, ದುಡ್ಡು ರೂಪಾಯಿ ಅಂತ ಇದೆಯಾ ನೋಡಿ.

ಪೇಮೆಂಟ್ ಪುಟ, ಫೇರ್ ರೂಲ್ಸ್, ಕಂತಿನ ವಿವರ, ಈ ಮೂರರ ಸ್ಕ್ರೀನ್‌ಶಾಟ್ ತೆಗೆದಿಡಿ. ಹತ್ತು ಸೆಕೆಂಡ್ ಕೆಲಸ.

ಬೇರೆಯವರ ಕಾರ್ಡ್ ಬಳಸುವಾಗ ಇನ್ನೂ ಹುಷಾರು. ತಮ್ಮನ ಕಾರ್ಡಿನಲ್ಲಿ ಆಫರ್ ಇದೆ, ಆಫೀಸಿನ ಗೆಳೆಯನ ಕಾರ್ಡಿನಲ್ಲಿ ಲಿಮಿಟ್ ಇದೆ ಅಂತ ಕೇಳಿ ತೆಗೆದುಕೊಳ್ಳುವುದು ನಮ್ಮಲ್ಲಿ ಮಾಮೂಲಿ. ರೀಫಂಡ್ ಹೋಗುವುದು ಅವರ ಕಾರ್ಡಿಗೆ, ಕಂತು ತಪ್ಪಿದರೆ ಕ್ರೆಡಿಟ್ ಸ್ಕೋರ್ ಬೀಳುವುದೂ ಅವರದ್ದೇ. ಸಂಬಂಧ ಉಳಿಯಬೇಕಾದರೆ ಕಂತಿನ ಬಡ್ಡಿ, ಜಿಎಸ್‌ಟಿ ಸಹಿತ ಲೆಕ್ಕವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ, ಪ್ರತಿ ತಿಂಗಳು ಬಿಲ್ ಕಟ್ಟುವ ದಿನಕ್ಕಿಂತ ಎರಡು ದಿನ ಮೊದಲೇ ದುಡ್ಡು ಹಾಕಿ.

ಬಿಲ್ ಬಂದ ಮೇಲೆ

ಕಂತು ಕಟ್ಟುವುದು ಅಂದರೆ ಬಿಲ್‌ನ ಪೂರ್ತಿ ಮೊತ್ತ ಕಟ್ಟುವುದು. ಬಿಲ್‌ನಲ್ಲಿ "ಮಿನಿಮಮ್ ಡ್ಯೂ" ಅಂತ ಒಂದು ಸಣ್ಣ ಮೊತ್ತ ಇರುತ್ತದೆ, ಅದರಲ್ಲಿ ಆ ತಿಂಗಳ ಕಂತು ಸೇರಿರುತ್ತದೆ, ಅಷ್ಟು ಕಟ್ಟಿದರೆ ಸಾಕು ಅಂತ ಅನ್ನಿಸುತ್ತದೆ. ಸಾಲದು. ದಿನಸಿ, ಪೆಟ್ರೋಲ್ ಅಂತ ಉಳಿದ ಖರ್ಚಿಗೆ ತಿಂಗಳಿಗೆ ಶೇ. 3ರಿಂದ 4ರಷ್ಟು ಬಡ್ಡಿ ಶುರುವಾಗುತ್ತದೆ, ವರ್ಷಕ್ಕೆ 40 ದಾಟುತ್ತದೆ. ಶೇ. 15ರ ಕಂತು ಉಳಿಸಲು ಹೋಗಿ ಶೇ. 40ರ ಸಾಲಕ್ಕೆ ಬೀಳುವುದು ಹೀಗೇ.

ಕ್ಯಾನ್ಸಲ್ ಮಾಡಬೇಕಾಗಿ ಬಂದರೆ

ಮೊದಲು ಏರ್‌ಲೈನ್. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ ಕ್ಯಾನ್ಸಲೇಷನ್ ಚಾರ್ಜ್ ಅನ್ನುವುದು ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಎರಡೂ ಸೇರಿದ ಮೊತ್ತಕ್ಕಿಂತ ಜಾಸ್ತಿ ಇರಬಾರದು. ರೀಫಂಡ್ ಇಲ್ಲದ ಟಿಕೆಟ್ ಆದರೂ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರ ಶುಲ್ಕ ವಾಪಸ್ ಕೊಡಲೇಬೇಕು. "ಟಿಕೆಟ್ ನಾನ್ ರೀಫಂಡಬಲ್, ಏನೂ ಬರಲ್ಲ" ಅಂತ ಹೇಳಿದರೆ ಸುಮ್ನೆ ಬಿಡಬೇಡಿ. ಏಜೆಂಟ್ ಅಥವಾ ಬುಕಿಂಗ್ ಸೈಟ್ ಮೂಲಕ ಕೊಂಡಿದ್ದರೂ ರೀಫಂಡ್‌ನ ಹೊಣೆ ಏರ್‌ಲೈನ್‌ದೇ.

ಇನ್ನೊಂದು ಬಹಳ ಮುಖ್ಯ. ದುಡ್ಡಿನ ಬದಲು ಕ್ರೆಡಿಟ್ ಶೆಲ್, ಅಂದರೆ ಮುಂದಿನ ಪ್ರಯಾಣಕ್ಕೆ ಬಳಸಬಹುದಾದ ಜಮೆ ಕೊಡುತ್ತೇವೆ ಅನ್ನಬಹುದು. ಅದು ಬೇಕೋ ಬೇಡವೋ ಅಂತ ಹೇಳುವ ಹಕ್ಕು ಪ್ರಯಾಣಿಕರದ್ದು, ಏರ್‌ಲೈನ್ ತಾನಾಗಿ ಹಾಗೆ ಮಾಡುವಂತಿಲ್ಲ. ಕಂತು ನಡೆಯುತ್ತಿರುವಾಗ ದುಡ್ಡೇ ಕೇಳಿ. ಜಮೆಯಿಂದ ಸಾಲ ತೀರುವುದಿಲ್ಲ.

ಅದೇ ದಿನ, ಮರುದಿನ ಅಲ್ಲ, ಬ್ಯಾಂಕಿಗೆ ಫೋನ್ ಮಾಡಿ. "ಈ ಖರೀದಿಯ ರೀಫಂಡ್ ಬರುತ್ತಿದೆ, ಇಎಂಐ ಮುಚ್ಚಿದರೆ ಎಷ್ಟು ಚಾರ್ಜ್, ಮುಚ್ಚದಿದ್ದರೆ ಉಳಿದ ಬಡ್ಡಿ ಎಷ್ಟು" ಅಂತ ಎರಡೂ ಕೇಳಿ, ಸರ್ವೀಸ್ ರಿಕ್ವೆಸ್ಟ್ ನಂಬರ್ ಬರೆದುಕೊಳ್ಳಿ. ಪೂರ್ತಿ ದುಡ್ಡು ವಾಪಸ್ ಬಂದರೆ ಕೆಲವು ಬ್ಯಾಂಕ್‌ಗಳು ತಾವೇ ಮುಚ್ಚುವುದುಂಟು. ಕಡಿತ ಆಗಿ ಅರ್ಧಂಬರ್ಧ ಬಂದರೆ ನೀವೇ ಕೇಳಬೇಕು.

ಯಾಕೆ ಎರಡೂ ಕೇಳಿ ಅಂದೆ ಅಂದರೆ ನನ್ನದೇ ಲೆಕ್ಕ ನೋಡಿ. ನಮ್ಮ ಬ್ಯಾಂಕಿನಲ್ಲಿ ಮೊದಲೇ ಮುಚ್ಚುವುದಕ್ಕೆ ಉಳಿದ ಅಸಲಿನ ಮೇಲೆ ಶೇ. 3, ಅದರ ಮೇಲೆ ಜಿಎಸ್‌ಟಿ. ಮೊದಲ ಕಂತಿಗೂ ಮುಂಚೆ ಮುಚ್ಚಿದ್ದರೆ ಚಾರ್ಜ್ 2,124, ಉಳಿಯುವ ಬಡ್ಡಿ ಜಿಎಸ್‌ಟಿ ಸೇರಿ 3,130. ಸಾವಿರ ರೂಪಾಯಿ ಲಾಭ ಇತ್ತು. ನಾನು ಫೋನ್ ಮಾಡಿದ್ದು ಮೂರು ಕಂತು ಆದ ಮೇಲೆ. ಆಗ ಉಳಿದ ಅಸಲು 30,559, ಮುಚ್ಚುವ ಚಾರ್ಜ್ 1,082, ಸುಮ್ಮನೆ ಕಟ್ಟುತ್ತಾ ಹೋದರೆ ಉಳಿದ ಬಡ್ಡಿ ಜಿಎಸ್‌ಟಿ ಸೇರಿ 905. ಮುಚ್ಚಿದರೇ ನಷ್ಟ! ಕಸ್ಟಮರ್ ಕೇರ್‌ನವರು ಮುಚ್ಚಿಕೊಡುತ್ತೇವೆ ಅಂದರು, ನಾನು ಬೇಡ ಅಂದೆ, ಕಂತು ಕಟ್ಟಿಯೇ ಮುಗಿಸಿದೆ. ಕಂತಿನ ಬಡ್ಡಿ ಮೊದಲ ತಿಂಗಳುಗಳಲ್ಲೇ ಜಾಸ್ತಿ ಹೋಗಿಬಿಡುತ್ತದೆ. ಅದಕ್ಕೇ ಬೇಗ ಆದರೆ ಮುಚ್ಚಿ, ತಡ ಆದರೆ ಲೆಕ್ಕ ಹಾಕಿ.

ಮುಚ್ಚದೆ ಮುಂದುವರಿಸಿದರೆ ಬಂದ ರೀಫಂಡ್ ದುಡ್ಡನ್ನು ಕಂತಿಗೆ ಅಂತ ಮನಸ್ಸಿನಲ್ಲೇ ಬೇರೆ ಇಟ್ಟುಬಿಡಿ. ಕಾರ್ಡಿಗೆ ಬಂದ ರೀಫಂಡ್ ಆ ತಿಂಗಳ ಉಳಿದ ಖರ್ಚಿಗೆ ಹೊಂದಾಣಿಕೆಯಾಗುತ್ತದೆ, ಬಿಲ್ ಸೊನ್ನೆ ಕಾಣುತ್ತದೆ, ಕೈಯಲ್ಲಿ ದುಡ್ಡು ಉಳಿದ ಹಾಗೆ ಅನ್ನಿಸುತ್ತದೆ. ಅದು ಉಳಿದ ದುಡ್ಡಲ್ಲ, ಮುಂದಿನ ಕಂತುಗಳ ದುಡ್ಡು. ನಾನು ಮೋಸ ಹೋಗಿದ್ದು ಆ ಸೊನ್ನೆ ಬಿಲ್ ನೋಡಿಯೇ.

ಏರ್‌ಲೈನೇ ನಿಂತುಹೋದರೆ? ಇದು ದೂರದ ಮಾತಲ್ಲ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ. ಮುಂಗಡ ಟಿಕೆಟ್ ಕೊಂಡಿದ್ದವರು ದುಡ್ಡಿಗಾಗಿ ಅಲೆದರು. ಇಂಥ ಹೊತ್ತಿನಲ್ಲಿ ಕಾರ್ಡ್‌ನಲ್ಲಿ ಕೊಂಡವರಿಗೆ ಒಂದು ದಾರಿ ಇದೆ: ಸೇವೆ ಸಿಗಲಿಲ್ಲ ಅಂತ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ದುಡ್ಡನ್ನು ಬ್ಯಾಂಕ್ ಮೂಲಕ ವಾಪಸ್ ತರಿಸಿಕೊಡಿ ಅಂತ ಕೇಳುವುದು. ಅದಕ್ಕೂ ದಿನಗಳ ಮಿತಿ ಇರುತ್ತದೆ, ಸುದ್ದಿ ಬಂದ ವಾರದಲ್ಲೇ ಲಿಖಿತವಾಗಿ ಕೊಡಿ. ಅದು ಇತ್ಯರ್ಥ ಆಗುವ ತನಕ ಕಂತು ನಿಲ್ಲಿಸಬೇಡಿ, ಕೋಪದಲ್ಲಿ ನಿಲ್ಲಿಸಿದರೆ ಸ್ಕೋರ್ ಹಾಳಾಗುವುದು ನಿಮ್ಮದು.

ಮಾತು ಕೇಳದಿದ್ದರೆ

ರೀಫಂಡ್ ಕೊಡದ ಏರ್‌ಲೈನ್ ಮೇಲೆ ಸರ್ಕಾರದ ಏರ್‌ಸೇವಾ ಪೋರ್ಟಲ್ ಅಥವಾ ಆ್ಯಪ್‌ನಲ್ಲಿ ದೂರು ಕೊಡಬಹುದು. ಬುಕಿಂಗ್ ಸೈಟ್, ಏಜೆಂಟ್ ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಕಂತಿನ ವಿಷಯದಲ್ಲಿ ತಪ್ಪು ಮಾಡಿದರೆ ಮೊದಲು ಅವರಿಗೇ ಲಿಖಿತ ದೂರು, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಯಿಲ್ಲ ಅನ್ನಿಸಿದರೆ ಆರ್‌ಬಿಐ ಓಂಬುಡ್ಸ್‌ಮನ್, ಅಂದರೆ ಬ್ಯಾಂಕ್ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿ. ಆನ್‌ಲೈನ್‌ನಲ್ಲಿ ಆರ್‌ಬಿಐನ ದೂರು ಸೈಟ್ ಆದ ಸಿಎಂಎಸ್ ಪೋರ್ಟಲ್, ಫೋನಿನಲ್ಲಿ 14448. ಫೀಸ್ ಇಲ್ಲ, ವಕೀಲರು ಬೇಕಿಲ್ಲ.

ದೂರಿನ ಜೊತೆ ಪಿಎನ್‌ಆರ್ ನಂಬರ್, ಕ್ಯಾನ್ಸಲ್ ಮಾಡಿದ ದಿನ, ರೀಫಂಡ್ ಬಂದ ಮೊತ್ತ, ಕಂತಿನ ಲೋನ್ ನಂಬರ್, ಬ್ಯಾಂಕ್ ಕೊಟ್ಟ ಸರ್ವೀಸ್ ರಿಕ್ವೆಸ್ಟ್ ನಂಬರ್, ಆಗ ತೆಗೆದಿಟ್ಟ ಸ್ಕ್ರೀನ್‌ಶಾಟ್‌ಗಳು, ಇಷ್ಟು ಹಾಕಿ. ಕಾರ್ಡ್ ನಂಬರಿನ ಕೊನೆಯ ನಾಲ್ಕು ಅಂಕೆ ಮಾತ್ರ ಬರೆಯಿರಿ. ದೂರಿನ ಬಗ್ಗೆ ಅಂತ ಹೇಳಿ ಯಾರಾದರೂ ಫೋನ್ ಮಾಡಿ "ರೀಫಂಡ್ ಹಾಕುತ್ತೇವೆ, ಒಟಿಪಿ ಹೇಳಿ" ಅಂದರೆ ಆ ಫೋನ್ ಇಟ್ಟುಬಿಡಿ, ದುಡ್ಡು ವಾಪಸ್ ಹಾಕಲು ಯಾರಿಗೂ ನಿಮ್ಮ ಒಟಿಪಿ ಬೇಕಾಗುವುದಿಲ್ಲ.